ಅರವತ್ತಮೂರು ಹೆಜ್ಜೆ

ಫೆಬ್ರವರಿ 3

ನನ್ನ ಸೂಜಿಗೆ,

ಕೈಬರಹ ನೋಡಿದ ಕೂಡಲೇ ಹರಿದು ಹಾಕಬೇಡ. ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ, ಒಂದು ಪುಟವನ್ನಾದರೂ ಓದು. ಫೋನ್ ಯಾಕೆ ಮಾಡಲಿಲ್ಲ ಎಂದು ಕೇಳುತ್ತೀಯ. ಫೋನಿನಲ್ಲಾದರೆ ನೀನು ಮಧ್ಯದಲ್ಲೇ ಇಟ್ಟುಬಿಡುತ್ತೀಯ. ಕಾಗದ ಹಾಗಲ್ಲ. ಮಧ್ಯದಲ್ಲಿ ಬಿಟ್ಟರೂ ಮೇಜಿನ ಮೇಲೆ ಬಿದ್ದುಕೊಂಡು ನಿನ್ನ ದಾರಿ ಕಾಯುತ್ತದೆ.

ನಿನ್ನೆ ರಾತ್ರಿ ಈ ಸಲದ ಮೊದಲ ಆಮೆ ಬಂತು. ನನ್ನ ಗುಂಪಿನಲ್ಲಿ ಹನ್ನೆರಡು ಜನ ಪ್ರವಾಸಿಗರು. ಎಲ್ಲರ ಕೈಗೂ ಗಂಟು ಹಾಕಿದ ಹಗ್ಗ ಕೊಟ್ಟು, ಒಬ್ಬರ ಹಿಂದೆ ಒಬ್ಬರನ್ನು ನಿಲ್ಲಿಸಿ ಕರೆದುಕೊಂಡು ಹೊರಟೆ. ಒಬ್ಬ ದೊಡ್ಡ ಮನುಷ್ಯರು ಮಿನುಗುವ ವಾಚ್ ಕಟ್ಟಿಕೊಂಡು ಬಂದಿದ್ದರು. ಬಿಚ್ಚಿ ಕಾಲುಚೀಲದೊಳಗೆ ಹಾಕಿಕೊಳ್ಳಿ ಎಂದೆ. "ಅಲ್ಲಮ್ಮ, ಟೈಮ್ ಹೇಗೆ ಗೊತ್ತಾಗೋದು?" ಅಂದರು. "ಆಮೆ ವಾಚ್ ಕಟ್ಕೊಂಡು ಬರಲ್ಲ ಸಾರ್, ಅದು ಬಂದಾಗಲೇ ಟೈಮು" ಅಂದೆ. ಎಲ್ಲರೂ ನಕ್ಕರು. ಆಮೇಲೆ ಆ ನಗು ನಿಲ್ಲಿಸುವುದಕ್ಕೆ ನಾನೇ ಗದರಬೇಕಾಯಿತು.

ಹನ್ನೊಂದರ ಸುಮಾರಿಗೆ ಅದು ನೀರಿನಿಂದ ಎದ್ದಿತು. ಮೊಟ್ಟೆ ಬೀಳಲು ಶುರುವಾಗುವವರೆಗೆ ಹತ್ತಿರ ಹೋಗುವಂತಿಲ್ಲ. ಬೆದರಿದರೆ ಹಾಗೇ ವಾಪಸ್ ಹೊರಟುಬಿಡುತ್ತದೆ. ಶುರುವಾದ ಮೇಲೆ ಹಿಂದಿನಿಂದ, ಕೆಂಪು ಟಾರ್ಚಿನಲ್ಲಿ ನೋಡಬಹುದು. "ಕತ್ತಲಲ್ಲಿ ಏನನ್ನೂ ನೇರ ನೋಡ್ಬೇಡಿ, ಸ್ವಲ್ಪ ಪಕ್ಕಕ್ಕೆ ನೋಡಿ, ಆಗ ಕಾಣುತ್ತೆ" ಎಂದು ಹೇಳಿಕೊಟ್ಟೆ. ಚಿಕ್ಕವಳಿದ್ದಾಗ ನಿನಗೂ ಇದನ್ನೇ ಹೇಳಿಕೊಟ್ಟಿದ್ದೆ.

ಆ ಪುಣ್ಯಾತ್ಗಿತ್ತಿ ಗುಂಡಿ ತೋಡಿದ್ದು ಅಲೆ ಬರುವ ಜಾಗದಲ್ಲೇ. ಅದು ಸಮುದ್ರಕ್ಕೆ ಮರಳಿದ ಮೇಲೆ ನೂರ ಹನ್ನೆರಡು ಮೊಟ್ಟೆಗಳಲ್ಲಿ ಒಂದನ್ನೂ ತಿರುಗಿಸದೆ ಬಕೆಟ್ಟಿಗೆ ಎತ್ತಿಕೊಂಡು, ಮೇಲೆ ಒಣ ಮರಳಿನಲ್ಲಿ ಬೇರೆ ಗುಂಡಿ ತೋಡಿ ಇಟ್ಟೆ. ನಾಯಿ ಕೆದಕದಂತೆ ಕಬ್ಬಿಣದ ಜಾಲರಿ ಹಾಸಿ ಅದರ ಮೇಲೂ ಮರಳು ಮುಚ್ಚಿದೆ. ನಲವತ್ತೈದನೇ ದಿನ ಆ ಜಾಲರಿ ತೆಗೆಯಬೇಕು. ತೆಗೆಯದಿದ್ದರೆ ಮರಿಗಳು ಮೇಲೆ ಬಂದು ಅದರ ಕೆಳಗೇ ಸಿಕ್ಕಿಕೊಂಡು ಬಿಸಿಲಿಗೆ ಬೆಂದುಹೋಗುತ್ತವೆ. ಗುರುತಿಗೆ ಕೋಲು ನೆಡುವುದಿಲ್ಲ, ನೆಟ್ಟರೆ ಮೊಟ್ಟೆ ಕಳ್ಳರಿಗೆ ವಿಳಾಸ ಕೊಟ್ಟಂತೆ. ದಡದ ಉದ್ದಕ್ಕೂ ನೆಟ್ಟ ಕಂಬದ ನಂಬರು, ಅಲ್ಲಿಂದ ಎಷ್ಟು ಹೆಜ್ಜೆ, ಅಷ್ಟೇ. ಇದು ನಾಲ್ಕನೇ ಕಂಬದಿಂದ ಬಂಡೆಯ ಕಡೆಗೆ ಅರವತ್ತಮೂರು ಹೆಜ್ಜೆ. ಗೈಡ್ ಕೆಲಸಕ್ಕೆ ಸೇರಿದ ದಿನ ನನ್ನ ಹೆಜ್ಜೆ ಅಳೆದು ಆಫೀಸಿನ ಗೋಡೆಯ ಮೇಲೆ ಇಪ್ಪತ್ತೇಳು ಇಂಚು ಎಂದು ಬರೆದರಲ್ಲ, ಇಪ್ಪತ್ತೆರಡು ವರ್ಷವಾದರೂ ಅದು ಹಾಗೇ ಇದೆ. ನಮ್ಮ ಗುಮಾಸ್ತ ಠಸ್ಸೆಪ್ಪನ ರಿಜಿಸ್ಟರಿನಲ್ಲಿ ಇದನ್ನು ಬರೆಯುವುದೊಂದು ಬಾಕಿ. ನಾಳೆ ಬರೆದರಾಯಿತು.

ಐವತ್ತು ದಿನ ದಾಟಿದ ಮೇಲೆ ಯಾವಾಗ ಬೇಕಾದರೂ ಮರಿಗಳು ಎದ್ದಾವು. ಅಷ್ಟು ಹೊತ್ತಿಗೆ ಒಮ್ಮೆ ಬಂದು ಹೋಗು.

ಇನ್ನೂ ನಿನ್ನ ಅಮ್ಮನೇ ಆಗಿರುವ,
ಅಮ್ಮ


ಫೆಬ್ರವರಿ 11

ಅಮ್ಮನಿಗೆ,

ಕಾಗದ ಬಂತು. ಹರಿದು ಹಾಕಲಿಲ್ಲ.

ಎರಡು ವರ್ಷದ ಹಿಂದೆ ನೀನು ಕಪ್ಪಿನ ಪಕ್ಕದಲ್ಲಿ ಟೀ ಸುರಿದಾಗ ನಾನು ಹೇಳಿದ್ದು ಒಂದೇ ಮಾತು: ಕಣ್ಣು ತೋರಿಸಿಕೋ, ಅಲ್ಲಿಯವರೆಗೆ ಗುಂಪು ಕರೆದುಕೊಂಡು ಹೋಗಬೇಡ. ಅದಕ್ಕೆ ನೀನು ವ್ಯಾನಿನ ಡ್ರೈವರ್ ಎದುರಿಗೇ, "ಕನ್ನಡಕ ಮಾರೋಳಿಗೆ ಹೆತ್ತ ತಾಯೀನೂ ಗಿರಾಕಿನೇ" ಅಂದೆ. ಆ ಮಾತು ಇನ್ನೂ ನನ್ನ ಗಂಟಲಲ್ಲೇ ಇದೆ. ನಾನು ಕನ್ನಡಕ ಮಾರುವುದಿಲ್ಲ ಅಮ್ಮ, ಗಾಜು ಉಜ್ಜುತ್ತೇನೆ. ದಿನಕ್ಕೆ ನಲವತ್ತು ಜನ ಕಾಣಿಸುತ್ತಿಲ್ಲ ಎಂದು ಹೇಳಿಕೊಂಡು ಅಂಗಡಿಗೆ ಬರುತ್ತಾರೆ. ಹಾಗೆ ಹೇಳಲು ನಾಚದವರನ್ನು ಕಂಡರೆ ನನಗೆ ಗೌರವ.

ನಿನ್ನ ಎರಡನೇ ಪುಟದಲ್ಲಿ ಮೂರು ಕಡೆ ಸಾಲಿನ ಮೇಲೆ ಸಾಲು ಬಿದ್ದಿದೆ. "ಠಸ್ಸೆಪ್ಪ" ಎನ್ನುವುದನ್ನು "ಬಂಡೆ" ಮೇಲೆಯೇ ಬರೆದಿದ್ದೀಯ. ಯಾವ ಕಣ್ಣು?

ನಾನು ಬರುವುದಿಲ್ಲ.

ನಿನ್ನ ಮಗಳು


ಫೆಬ್ರವರಿ 19

ಸೂಜೀ,

ಚಿಕ್ಕಂದಿನಲ್ಲಿ ಕಡ್ಡಿಯಂತಿದ್ದೆ, ಮುಟ್ಟಿದರೆ ಚುಚ್ಚುತ್ತಿದ್ದೆ ಎಂದು ನಿನಗೆ ಆ ಹೆಸರಿಟ್ಟದ್ದು. ಈಗಲೂ ತಪ್ಪಿಲ್ಲ ನೋಡು.

ಕೇಳು. ಹೋದ ತಿಂಗಳಷ್ಟೇ ಆಫೀಸಿನಲ್ಲಿ ಎಲ್ಲ ಗೈಡುಗಳಿಗೂ ಕಣ್ಣಿನ ಪರೀಕ್ಷೆ ಆಯಿತು. ಗೋಡೆಗೆ ಅಕ್ಷರದ ಚಾರ್ಟು ತಗುಲಿಸಿದ್ದರು. ಕೊನೆಯ ಸಾಲಿನವರೆಗೆ ಗಡಗಡನೆ ಓದಿದೆ. ನಮ್ಮ ಗುಮಾಸ್ತರು, ಅದೇ ಠಸ್ಸೆಪ್ಪ, ನೀರು ಕುಡಿದರೂ ಗ್ಲಾಸಿಗೊಂದು ಠಸ್ಸೆ ಹೊಡೆಯುವ ಮನುಷ್ಯ, ನನ್ನ ಕಾರ್ಡಿನ ಮೇಲೆ ಎರಡು ಠಸ್ಸೆ ಹೊಡೆದು, "ನಿಮ್ಮ ಕಣ್ಣು ಹದ್ದಿನ ಕಣ್ಣು ಕಣ್ರೀ" ಅಂದರು. ಇನ್ನೇನು ಬೇಕು? ಕರೆಂಟು ಹೋದಾಗ ಬರೆದ ಕಾಗದಕ್ಕೆ ಮಾರ್ಕು ಕೊಡಲು ಕೂತಿದ್ದೀಯ.

ಇಲ್ಲಿ ದಿನಕ್ಕೆ ಎರಡು ಗುಂಪು. ಮೊನ್ನೆ ಒಬ್ಬಾಕೆ ಆಮೆಯ ಕಣ್ಣಲ್ಲಿ ನೀರು ನೋಡಿ ತಾನೂ ಅಳತೊಡಗಿದಳು. ಅದು ಉಪ್ಪು ಹೊರಹಾಕುವ ನೀರು, ದುಃಖವಲ್ಲ ಎಂದೆ. "ನಿಮಗೆ ಹೇಗೆ ಗೊತ್ತು?" ಎಂದು ಜಗಳಕ್ಕೇ ಬಂದಳು. ಬಿಟ್ಟುಬಿಟ್ಟೆ.

ಹಗಲು ಹೊತ್ತು ಮಾತ್ರ ಕೈಕಾಲು ಒಂದು ಕಡೆ ನಿಲ್ಲುವುದಿಲ್ಲ. ಮನೆಯಲ್ಲಿ ಕೂತರೆ ಎದ್ದು ಬಾಗಿಲಿಗೆ ಹೋಗುತ್ತೇನೆ, ಬಾಗಿಲಿಗೆ ಹೋದರೆ ಮತ್ತೆ ಒಳಗೆ. ರಾತ್ರಿಯಾದರೆ ಜೀವ ಬರುತ್ತದೆ. ಕತ್ತಲಲ್ಲಿ ಎಲ್ಲರೂ ಒಂದೇ ತಾನೇ?

ಇವತ್ತಿಗೆ ಹದಿನೇಳನೇ ದಿನ.

ಅಮ್ಮ


ಫೆಬ್ರವರಿ 27

ಅಮ್ಮನಿಗೆ,

"ಕತ್ತಲಲ್ಲಿ ಎಲ್ಲರೂ ಒಂದೇ ತಾನೇ" ಎಂಬ ನಿನ್ನ ಸಾಲನ್ನು ಎಷ್ಟು ಸಲ ಓದಿದೆನೋ. ಅದನ್ನು ಓದಿದ ಮೇಲೆ ಸರಿಯಾಗಿ ನಿದ್ದೆ ಮಾಡಿಲ್ಲ. ನಿನ್ನೆ ಒಬ್ಬರ ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿಬಿಟ್ಟೆ. ಅಂಗಡಿ ಯಜಮಾನರು ಬೈಯಲಿಲ್ಲ, "ಯಾರ ಕಣ್ಣಿನ ಯೋಚನೇಲಿ ಇದ್ದೀಯಮ್ಮ?" ಎಂದು ಕೇಳಿದರು.

ಇದರ ಜೊತೆ ಒಂದು ಕಾಗದ ಇಟ್ಟಿದ್ದೇನೆ. ಬರೀ ಚೌಕದ ಗೆರೆಗಳು. ಒಂದು ಕೈಯಿಂದ ಎಡಗಣ್ಣು ಮುಚ್ಚಿ ಮಧ್ಯದ ಚುಕ್ಕೆಯನ್ನೇ ನೋಡು. ಆಮೇಲೆ ಬಲಗಣ್ಣು ಮುಚ್ಚಿ ನೋಡು. ಗೆರೆಗಳು ನೆಟ್ಟಗಿವೆಯೋ, ಬಾಗಿವೆಯೋ, ಚುಕ್ಕೆ ಹೇಗೆ ಕಾಣುತ್ತದೆ, ಬರೆದು ಕಳಿಸು. ನಾನು ಇಷ್ಟೇ ಕೇಳುತ್ತಿರುವುದು. ಕಣ್ಣಿನ ನಡುಭಾಗ ಹಾಳಾಗುವ ರೋಗವಾದರೆ ಬೇಗ ಸೂಜಿಮದ್ದು ಕೊಟ್ಟು ಅಲ್ಲಿಗೇ ನಿಲ್ಲಿಸಬಹುದು. ಹೋದದ್ದು ಮಾತ್ರ ವಾಪಸ್ ಬರುವುದಿಲ್ಲ.

ನಿನ್ನ ಮಗಳು


ಮಾರ್ಚ್ 8

ಸೂಜಿಗೆ,

ನಿನ್ನ ಪರೀಕ್ಷೆ ಬರೆದಾಯಿತು. ಎಡಗಣ್ಣಲ್ಲಿ ನೋಡಿದೆ, ಬಲಗಣ್ಣಲ್ಲಿ ನೋಡಿದೆ. ಗೆರೆಗಳು ದಾರ ಹಿಡಿದು ಎಳೆದ ಹಾಗೆ ನೆಟ್ಟಗಿವೆ. ಚುಕ್ಕೆ ನಟ್ಟ ನಡುವೆ ಕಪ್ಪಗೆ, ದುಂಡಗೆ ಇದೆ. ಈಗಲಾದರೂ ನಿನ್ನ ಹೊಟ್ಟೆ ತಣ್ಣಗಾಯಿತೇ?

ಇನ್ನು ಈ ವಿಷಯ ಎತ್ತಬೇಡ. ಸಮುದ್ರ ಎರಡು ದಿನದಿಂದ ಮೇಲೆ ಬರುತ್ತಿದೆ, ನನಗೆ ಅದರದ್ದೇ ತಲೆನೋವು ಸಾಕಷ್ಟಿದೆ.

ಅಮ್ಮ


ಮಾರ್ಚ್ 14

ಅಮ್ಮ,

ಆ ಕಾಗದದಲ್ಲಿ ಚುಕ್ಕೆಯೇ ಇರಲಿಲ್ಲ.

ನಾನು ಬೇಕೆಂದೇ ಹಾಕಿರಲಿಲ್ಲ. ನೀನು ಸುಳ್ಳು ಹೇಳುತ್ತೀಯ ಎಂದು ಗೊತ್ತಿತ್ತು. ಹೇಳದಿರಲಿ ಎಂದು ನಾಲ್ಕು ದಿನ ಅಂಚೆಯವನ ದಾರಿ ನೋಡುತ್ತಾ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದೆ. ನಿನ್ನನ್ನು ಹೀಗೆ ಹಿಡಿದದ್ದಕ್ಕೆ ನನಗೇನೂ ಸಂತೋಷವಾಗಲಿಲ್ಲ. ಓದಿ ಅಲ್ಲೇ ಕೂತು ಅತ್ತೆ.

ಇನ್ನೊಂದು ಈಗ ಹೊಳೆಯಿತು. ಆಫೀಸಿನ ಚಾರ್ಟನ್ನು ಗಡಗಡನೆ ಓದಿದೆ ಎಂದೆಯಲ್ಲ. ನಾನು ಪರೀಕ್ಷೆಗೆ ಓದುವಾಗ ಅದೇ ಚಾರ್ಟನ್ನು ಅಡುಗೆಮನೆ ಬಾಗಿಲಿಗೆ ಅಂಟಿಸಿ, ನೀನು ಪಾತ್ರೆ ತೊಳೆಯುವಾಗ ಸಾಲು ಸಾಲಾಗಿ ನಿನಗೆ ಒಪ್ಪಿಸುತ್ತಿದ್ದೆ. ಎಲ್ಲ ಅಂಗಡಿಯಲ್ಲೂ, ಎಲ್ಲ ಆಫೀಸಿನಲ್ಲೂ ಅದೇ ಚಾರ್ಟು. ನೀನು ಓದಿದ್ದಲ್ಲ, ಬಾಯಿಪಾಠ ಒಪ್ಪಿಸಿದ್ದು. ಬಾಯಿಪಾಠ ಮಾಡಿಸಿದವಳು ನಾನು.

ರಾತ್ರಿ ಹನ್ನೆರಡು ಜನ ನಿನ್ನ ಹಗ್ಗ ಹಿಡಿದುಕೊಂಡು ಬರುತ್ತಾರೆ ಅಮ್ಮ. ಹೇಳಿಬಿಡು.

ನಿನ್ನ ಮಗಳು


ಮಾರ್ಚ್ 21

ಮಗಳೇ,

ನಿನ್ನ ಕಾಗದ ಓದಿ ಮೊದಲು ಉರಿದುಹೋದೆ. ಹೆತ್ತವಳಿಗೇ ಬಲೆ ಒಡ್ಡುತ್ತಾಳಲ್ಲ ಎಂದು ಗೋಡೆಗೆಲ್ಲ ಬೈದೆ. ಮೂರು ದಿನವಾಯಿತು, ಈಗ ಬೈಯಲೂ ಶಕ್ತಿಯಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಯಾವುದನ್ನು ನೇರ ನೋಡಿದರೂ ಅದರ ನಡುವೆ ಹೊಗೆ ಹಿಡಿದ ಹಾಗೆ ಒಂದು ಕಲೆ. ನಿನ್ನ ಒಂದು ಪುಟ ಓದುವುದಕ್ಕೆ ನನಗೆ ಒಂದು ಮಧ್ಯಾಹ್ನ ಬೇಕು. ಹೊಸ್ತಿಲ ಮೇಲೆ ಬಿಸಿಲಿಗೆ ಹಿಡಿದು, ಭೂತಗಾಜು ಇಟ್ಟು, ಅಕ್ಷರದ ಪಕ್ಕಕ್ಕೆ ನೋಡುತ್ತಾ ಒಂದೊಂದಾಗಿ ಹೆಕ್ಕುತ್ತೇನೆ. ಫೋನಿನ ನಂಬರು ಕಾಣುವುದಿಲ್ಲ, ಅದಕ್ಕೇ ಅದನ್ನು ಪೆಟ್ಟಿಗೆಯಲ್ಲಿ ಹಾಕಿಟ್ಟಿದ್ದೇನೆ. ಕತ್ತಲಲ್ಲಿ ಮಾತ್ರ ಯಾರೂ ನನ್ನನ್ನು ಮೀರಿಸುವುದಿಲ್ಲ. ಅಲ್ಲಿ ಎಲ್ಲರೂ ಪಕ್ಕಕ್ಕೇ ನೋಡಬೇಕು. ಈ ಕೆಲಸವೂ ಹೋದರೆ ನಾನು ಯಾರು, ಹೇಳು? ಹಗಲೆಲ್ಲ ಬಾಗಿಲಿಗೂ ಒಳಗೂ ಓಡಾಡುವ ಒಬ್ಬ ಹೆಂಗಸು, ಅಷ್ಟೇ.

ಆದರೆ ವಿಷಯ ಅದಲ್ಲ. ಆ ಮೊದಲ ಗೂಡು ಸಿಗುತ್ತಿಲ್ಲ.

ರಿಜಿಸ್ಟರಿನ ಆ ಚಿಕ್ಕ ಚೌಕದಲ್ಲಿ ನನಗೆ ಬರೆಯಲಾಗುವುದಿಲ್ಲ. ಬೇರೆ ಗೂಡುಗಳನ್ನು "ಕೈಯೆಲ್ಲ ಮರಳು, ನೀವೇ ಬರ್ಕೊಳ್ಳಿ" ಎಂದು ಠಸ್ಸೆಪ್ಪನಿಗೆ ಬಾಯಲ್ಲಿ ಹೇಳಿದೆ. ಆ ದಿನ ಅವರು ರಜೆ. ನಾಳೆ, ನಾಡಿದ್ದು ಎಂದು ಮುಂದಕ್ಕೆ ಹಾಕಿದೆ, ಆಮೇಲೆ ಯಾಕೆ ತಡ ಎಂದು ಕೇಳುತ್ತಾರೆಂದು ಬಿಟ್ಟೇಬಿಟ್ಟೆ. ಆ ಗೂಡು ಅಲ್ಲಿದೆ ಎಂದು ಗೊತ್ತಿರುವುದು ನನಗೊಬ್ಬಳಿಗೇ. ಮೊನ್ನೆ ನಲವತ್ತೈದನೇ ದಿನ ಜಾಲರಿ ತೆಗೆಯಲು ಹೋದೆ. ನಾಲ್ಕನೇ ಕಂಬದಿಂದ ಅರವತ್ತಮೂರು ಹೆಜ್ಜೆ ಹಾಕಿ ತೋಡಿದೆ, ಬರೀ ಮರಳು. ಸಮುದ್ರ ಏರಿದಾಗ ಕಂಬ ಕಿತ್ತುಹೋಗಿರಬೇಕು, ಯಾರೋ ತಂದು ಮನಸ್ಸಿಗೆ ಬಂದ ಕಡೆ ನೆಟ್ಟಿದ್ದಾರೆ. ಮೂರು ದಿನದಿಂದ ಬೆಳಿಗ್ಗೆ ಕಸ ಹೆಕ್ಕುವ ನೆಪ ಮಾಡಿಕೊಂಡು ಮೊಣಕಾಲೂರಿ ಕೆದಕುತ್ತಿದ್ದೇನೆ. ಉಗುರೆಲ್ಲ ಹೋಯಿತು.

ಇವತ್ತಿಗೆ ನಲವತ್ತೇಳು. ನನ್ನ ಕೈಯಾರೆ ಮುಚ್ಚಿದ ಜಾಲರಿಯ ಕೆಳಗೆ ನೂರ ಹನ್ನೆರಡು ಜೀವ. ಕಣ್ಣು ಮುಚ್ಚಿದರೆ ಅವು ಕಬ್ಬಿಣ ಕೆರೆಯುವ ಸದ್ದು ಕೇಳಿಸುತ್ತದೆ.

ಬಾ. ಯಾರಿಗೂ ಹೇಳಬೇಡ. ನಿನ್ನ ಕಣ್ಣು ಒಂದು ಬೆಳಗ್ಗೆ ಸಾಲ ಕೊಡು, ಸಾಕು.

ಅಮ್ಮ


ಮಾರ್ಚ್ 26, ಮಧ್ಯಾಹ್ನ ಎರಡೂವರೆ
(ವ್ಯಾನಿನ ಡ್ರೈವರ್ ಕೈಯಲ್ಲಿ ಕಳಿಸಿದ ಚೀಟಿ)

ಅಮ್ಮ,

ದಪ್ಪ ಪೆನ್ನಿನಲ್ಲಿ ದೊಡ್ಡದಾಗಿ ಬರೆದಿದ್ದೇನೆ. ಬಿಸಿಲಿಗೆ ಹಿಡಿದು ಓದು.

ನಿನ್ನ ಕಾಗದ ನಿನ್ನೆ ಬಂತು. ರಾತ್ರಿ ಬಸ್ಸಿಗೇ ಹೊರಟೆ. ಈಗ ನಿಮ್ಮ ಆಫೀಸಿನ ಬೆಂಚಿನ ಮೇಲೆ ಕೂತಿದ್ದೇನೆ. ಠಸ್ಸೆಪ್ಪನವರು ಎದುರಿಗೇ ಇದ್ದಾರೆ, ಟೀ ತರಿಸಿಕೊಟ್ಟರು. ಅಮ್ಮನಿಗೆ ಕಾಯುತ್ತಿದ್ದೇನೆ ಎಂದಷ್ಟೇ ಹೇಳಿದ್ದೇನೆ.

ನಾನು ದಡಕ್ಕೆ ಇಳಿದು ಬರುವುದಿಲ್ಲ. ಬಂದು ನಿನ್ನ ಮುಖ ನೋಡಿದರೆ ಒಪ್ಪಿಬಿಡುತ್ತೇನೆ. ಆಮೇಲೆ ಇಬ್ಬರೂ ಕಳ್ಳರ ಹಾಗೆ ಮರಳು ಕೆದಕುತ್ತಾ ಕೂರುತ್ತೇವೆ. ಇವತ್ತು ಐವತ್ತೆರಡನೇ ದಿನ. ಎರಡು ಜೊತೆ ಕಣ್ಣು ಸಾಲದು, ಎಲ್ಲರೂ ಬೇಕು.

ನೀನೇ ಬಂದು ಹೇಳು. ನಾಲ್ಕು ಗಂಟೆಯವರೆಗೆ ಬಾಯಿ ಮುಚ್ಚಿಕೊಂಡಿರುತ್ತೇನೆ. ನಾಲ್ಕಕ್ಕೆ ನಾನೇ ಹೇಳುತ್ತೇನೆ. ಆಮೇಲೆ ನೀನು ಜನ್ಮವಿಡೀ ಮಾತು ಬಿಟ್ಟರೂ ಸರಿ.

ಸೂಜಿ


ಮಾರ್ಚ್ 31

ಅಮ್ಮ,

ಈ ಕಾಗದ ನನ್ನದೇ ರೂಮಿನ ವಿಳಾಸಕ್ಕೆ ಬರೆಯುತ್ತಿದ್ದೇನೆ, ನಗು ಬರುತ್ತಿದೆ. ನೀನು ಚಿಕಿತ್ಸೆಗೆಂದು ಅಲ್ಲಿ, ನಾನು ಗೂಡು ಕಾಯುತ್ತಾ ನಿನ್ನ ಹೊಸ್ತಿಲ ಮೇಲೆ. ಇದನ್ನೂ ದೊಡ್ಡದಾಗಿಯೇ ಬರೆದಿದ್ದೇನೆ, ಒಂಬತ್ತು ಹಾಳೆ ಆಯಿತು. ಯಜಮಾನರು ನಿನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು, ಮೊದಲ ಸೂಜಿಮದ್ದು ಆಯಿತು ಎಂದು ಇಲ್ಲಿಯ ಆಫೀಸಿಗೆ ಫೋನ್ ಮಾಡಿದ್ದರು. ಡಾಕ್ಟರಿಗೆ ಬುದ್ಧಿ ಹೇಳಲು ಹೋದೆಯಂತೆ. ಸುಮ್ಮನಿರು.

ಆ ದಿನ ನಿನಗೆ ಕಾಣದೇ ಹೋದದ್ದನ್ನು ಮೊದಲು ಹೇಳುತ್ತೇನೆ. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ನೀನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದು, ಬೆಂಚಿನ ಕಡೆಗೂ ತಿರುಗದೆ, "ನನಗೆ ಕಣ್ಣು ಕಾಣಲ್ಲ ಸಾರ್, ಒಂದು ಗೂಡು ಕಳ್ಕೊಂಡಿದೀನಿ" ಅಂದೆ. ಅವರು ಕಾರ್ಡು ಕೇಳಿದರಲ್ಲ, ಕೋಪ ಎಂದುಕೊಂಡಿರುತ್ತೀಯ. ನಿನ್ನ ಕಾರ್ಡು ಈಸಿಕೊಂಡು ರದ್ದು ಮಾಡುವ ಠಸ್ಸೆಯನ್ನು ಇಂಕಿನ ಮೇಲೆ ಎರಡು ಸಲ ಒತ್ತಿದರು. ಹೊಡೆಯಲಿಲ್ಲ. ಹಾಗೇ ಡ್ರಾಯರಿನಲ್ಲಿ ಹಾಕಿ, "ಮೊದ್ಲು ಮೊಟ್ಟೆ, ಆಮೇಲೆ ಮಿಕ್ಕಿದ್ದು" ಎಂದು ಗಂಟೆ ಬಾರಿಸಿ ಎಲ್ಲ ಗೈಡುಗಳನ್ನೂ ಕರೆದರು.

ಹದಿನಾಲ್ಕು ಜನ ಸಾಲಾಗಿ ಮೊಣಕಾಲೂರಿ ಹುಡುಕಿದೆವು, ದೀಪ ಹಚ್ಚುವ ಹೊತ್ತಿಗೆ ಜಾಲರಿ ಸಿಕ್ಕಿತು. ಅಷ್ಟು ನಿನಗೆ ಗೊತ್ತು. ಹೇಗೆ ಸಿಕ್ಕಿತೆಂದು ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಹೇಳುವ ಧೈರ್ಯ ಆಗಿರಲಿಲ್ಲ.

ಕಂಬ ಸರಿದಿರಲಿಲ್ಲ ಅಮ್ಮ. ನಾಲ್ಕನೇ ಕಂಬಕ್ಕೆ ಬುಡದಲ್ಲಿ ಸಿಮೆಂಟು ಹಾಕಿದ್ದಾರೆ, ಸಮುದ್ರವಲ್ಲ, ಲಾರಿ ಗುದ್ದಿದರೂ ಅಲುಗುವುದಿಲ್ಲ. ಎಲ್ಲರೂ ನೀನು ತೋಡಿದ ಜಾಗದ ಸುತ್ತಲೇ ಹುಡುಕುತ್ತಿದ್ದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಕಂಬಕ್ಕೂ ಗುಂಡಿಗೂ ಸುಮ್ಮನೆ ಓಡಾಡುತ್ತಿದ್ದೆ. ಆಗ ಒಣ ಮರಳಿನಲ್ಲಿ ನಿನ್ನ ಬೆಳಗಿನ ಹೆಜ್ಜೆಗಳು ಕಂಡವು. ಒಂದರ ಹಿಂದೆ ಒಂದು, ಎಷ್ಟು ಹತ್ತಿರ ಹತ್ತಿರ. ಆಫೀಸಿನ ಟೇಪು ತಂದು ಅಳೆದೆ. ಹತ್ತೊಂಬತ್ತು ಇಂಚು.

ಗೋಡೆಯ ಮೇಲೆ ಇಪ್ಪತ್ತೇಳು ಇದೆ. ಗುಂಪು ಹಿಂದಿದ್ದಾಗ ನೀನು ಆ ಹೆಜ್ಜೆಯನ್ನೇ ಹಾಕಿದ್ದೀಯ. ಒಬ್ಬಳೇ ಹುಡುಕುವಾಗ, ಹೆದರಿ, ಎಡವುತ್ತೇನೇನೋ ಎಂದು ಕಾಲೆಳೆದುಕೊಂಡು ಹಾಕಿದ್ದೂ ಅರವತ್ತಮೂರೇ. ಲೆಕ್ಕ ತಪ್ಪಿರಲಿಲ್ಲ. ಹೆಜ್ಜೆ ಚಿಕ್ಕದಾಗಿತ್ತು. ಅಷ್ಟು ದಿನ ನೀನು ಉಗುರು ಕಿತ್ತುಕೊಂಡದ್ದು ನಲವತ್ತು ಅಡಿ ಈಚೆ. ಟೇಪು ಹಿಡಿದು ಗೋಡೆಯ ಅಳತೆಯಂತೆ ಹೋದೆ. ಎರಡು ಮೊಳದ ವ್ಯತ್ಯಾಸದಲ್ಲಿ ಸಿಕ್ಕಿತು. ಈ ಎರಡು ವರ್ಷದಲ್ಲಿ ನಿನ್ನ ಪಕ್ಕದಲ್ಲಿ ಒಂದು ದಿನ ನಡೆದಿದ್ದರೂ ಇದು ನನಗೆ ಮೊದಲೇ ಗೊತ್ತಾಗುತ್ತಿತ್ತು. ಕೋಪ ಮಾಡಿಕೊಂಡು ಕೂತಿದ್ದೆ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ಈಗ ಮುಖ್ಯ ವಿಷಯ. ನಿನ್ನೆ ರಾತ್ರಿ ಎದ್ದವು.

ಗುಂಪಿನ ಜೊತೆ ಹಗ್ಗದ ಕೊನೆಯ ಗಂಟು ಹಿಡಿದು ನಾನೂ ನಿಂತಿದ್ದೆ. ಒಂಬತ್ತೂವರೆಗೆ ಮರಳು ಬೊಗಸೆಯಷ್ಟು ಕುಸಿಯಿತು. ಬಹಳ ಹೊತ್ತು ಏನೂ ಇಲ್ಲ. ಒಬ್ಬರು "ಇನ್ನೆಷ್ಟು ಹೊತ್ತು?" ಅಂದರು, "ವಾಚು ಕಾಲುಚೀಲದಲ್ಲಿದೆಯಾ?" ಎಂದು ಕೇಳಬೇಕೆನಿಸಿತು. ಆಮೇಲೆ ಒಂದು ಮೂಗು, ಒಂದು ಕೈ, ನೋಡುನೋಡುತ್ತಿದ್ದಂತೆ ಇಡೀ ಗುಂಡಿ ಹಾಲು ಉಕ್ಕಿದ ಹಾಗೆ ಉಕ್ಕಿತು. ನೇರ ನೋಡಿದರೆ ಮರಳು ಮಾತ್ರ. ನೀನು ಹೇಳಿಕೊಟ್ಟ ಹಾಗೆ ಪಕ್ಕಕ್ಕೆ ನೋಡಿದೆ, ದಡವೆಲ್ಲ ನಡೆಯುತ್ತಿತ್ತು. ಒಂದು ನನ್ನ ಪಾದದ ಮೇಲೆಯೇ ಹತ್ತಿ ಇಳಿದು ಹೋಯಿತು. ಬೆಳಿಗ್ಗೆ ಗೂಡು ತೋಡಿ ಚಿಪ್ಪು ಎಣಿಸಿದರು. ಒಂಬತ್ತು ಒಡೆದಿರಲಿಲ್ಲ. ನೂರ ಮೂರು ನೀರು ಸೇರಿದವು. ರಿಜಿಸ್ಟರಿನಲ್ಲಿ ನಿನ್ನ ಹೆಸರಿನ ಮುಂದೆ ನಾನೇ ಬರೆದೆ, ಆ ಚಿಕ್ಕ ಚೌಕದಲ್ಲಿ.

ನಾನು ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಬರುತ್ತೇನೆ. ಅದಕ್ಕೆ ಮೊದಲು ಒಂದು ಕೆಲಸ. ಮತ್ತೊಂದು ಚೌಕದ ಕಾಗದ ಇಟ್ಟಿದ್ದೇನೆ. ಈ ಸಲ ಮೋಸವಿಲ್ಲ, ಚುಕ್ಕೆ ಹಾಕಿದ್ದೇನೆ. ಎಲ್ಲಿದೆ, ಹೇಗಿದೆ, ಬರೆ.

ಸೂಜಿ


ಏಪ್ರಿಲ್ 5

ಸೂಜಿಗೆ,

ನಿನ್ನ ರೂಮು ಬೆಂಕಿಪೆಟ್ಟಿಗೆಯಷ್ಟಿದೆ, ಇದರಲ್ಲಿ ಮನುಷ್ಯರು ಹೇಗಿರುತ್ತಾರೋ. ಕೆಳಗಿನ ಬೀದಿಯ ದೀಪ ರಾತ್ರಿಯೆಲ್ಲ ಉರಿಯುತ್ತದೆ. ಇಲ್ಲಿ ಆಮೆ ಮೊಟ್ಟೆಯಿಟ್ಟರೆ ಮರಿಗಳೆಲ್ಲ ನೇರವಾಗಿ ಬಸ್ ಸ್ಟಾಂಡಿಗೇ ಹೋಗುತ್ತವೆ.

ನಿನ್ನ ಕಾಗದ ಓದಲು ಎರಡು ದಿನ ಹಿಡಿಯುತ್ತಿತ್ತು. ಯಜಮಾನರು ಓದಿಕೊಡುತ್ತೇನೆ ಅಂದರು. ಬೇಡ ಅಂದೆ, ಆಮೇಲೆ ತಡೆಯಲಾರದೆ ಆಯ್ತು ಅಂದೆ. ಮರಿಗಳು ಎದ್ದದ್ದನ್ನು ಮೂರು ಸಲ ಓದಿಸಿದೆ. ಹತ್ತೊಂಬತ್ತು ಇಂಚು ಎಂಬುದನ್ನು ಒಂದೇ ಸಲ. ಅವರು ಹೋದ ಮೇಲೆ ಬಾಗಿಲಿನಿಂದ ಕಿಟಕಿಗೆ ನಡೆದು ನೋಡಿದೆ. ಏಳು ಹೆಜ್ಜೆ ಆಯಿತು. ನಿನಗೆ ಐದು ಆಗಬಹುದು. ನಿನ್ನ ಮೇಲೆ ಸಿಟ್ಟಿಲ್ಲ. ಆ ಕಂಬದ ಮೇಲೆ ಸ್ವಲ್ಪ ಇದೆ.

ಚುಕ್ಕೆಯ ಕಾಗದ ಬೆಳಗಿನಿಂದ ಕೈಯಲ್ಲೇ ಇದೆ. ಕಿಟಕಿಯ ಹತ್ತಿರ ಹಿಡಿದೆ, ಎಡಗಣ್ಣಲ್ಲಿ ನೋಡಿದೆ, ಬಲಗಣ್ಣಲ್ಲಿ ನೋಡಿದೆ. ನಟ್ಟ ನಡುವೆ, ಕಪ್ಪಗೆ, ದುಂಡಗೆ ಎಂದು ಬರೆಯಲು ಕೈ ತಾನಾಗಿ ಹೊರಟಿತ್ತು. ತಡೆದೆ.

ಕಾಣಿಸುತ್ತಿಲ್ಲ ಮಗಳೇ. ಭಾನುವಾರ ಬಂದಾಗ ನನ್ನ ಬೆರಳು ಹಿಡಿದು ಅದರ ಮೇಲೆ ಇಡು.

ಅಮ್ಮ